ಹೊಳೆಯ ಉದ್ದ, ಹೊಳೆಯ ಅಡ್ಡ

(ಬಾನುಲಿ ಭಾಷಣ)

ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುಗಾಡಿ ತರೀಕೆರೆಯನ್ನು ಬಿಟ್ಟು ಮುಂದೆ ಸಾಗಿತೆಂದರೆ ಎರಡು ಹೊಳೆಗಳನ್ನು ಹಾಯಬೇಕು. ಮೊದಲು ಭದ್ರೆ, ಆಮೇಲೆ ತುಂಗೆ. ಸೇತುವೆಯ ಮೇಲೆ ಬಂದೊಡನೆ ಗಾಡಿಯ ಸದ್ದು ಬದಲಾಗುತ್ತದೆ. ಅದುವರೆಗೆ ಮಾತಾಡುತ್ತಿದ್ದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಹಿರಿಯರು ಯಾರಾದರೂ ಇದ್ದರೆ ಕೈ ಮುಗಿದು, ಕಿಟಕಿಯ ಸರಳುಗಳ ನಡುವಿನಿಂದ ಒಂದು ನಾಣ್ಯವನ್ನು ನೀರಿಗೆ ಹಾಕುತ್ತಾರೆ. ಹೊಳೆಯನ್ನು ದಾಟುವುದು ನಮ್ಮವರಿಗೆ ಎಂದೂ ಸಾಮಾನ್ಯವಾದ ಕೆಲಸವಾಗಿರಲಿಲ್ಲ ಎಂಬುದಕ್ಕೆ ಆ ನಾಣ್ಯವೇ ಸಾಕ್ಷಿ.

ಈಚೆಗೆ ನನ್ನ ಮೊಮ್ಮಗಳೊಡನೆ ಈ ಗಾಡಿಯಲ್ಲಿ ಹೋಗುತ್ತಿದ್ದೆ. ಆಕೆ ಅದಕ್ಕೆ ಸ್ವಲ್ಪ ಮುಂಚೆ ತಂದೆತಾಯಿಗಳ ಜೊತೆ ಕಲ್ಕತ್ತೆಯನ್ನು ನೋಡಿಕೊಂಡು ಬಂದಿದ್ದಳು. ಅಲ್ಲಿ ಹೂಗ್ಲಿ ನದಿಯ ತಳದಲ್ಲಿ ಸುರಂಗ ಕೊರೆದು ಮೆಟ್ರೋ ರೈಲನ್ನು ಓಡಿಸಿದ್ದಾರೆ. ಸುಮಾರು 520 ಮೀಟರ್ ಅಗಲದ ಹೊಳೆಯನ್ನು ಮುಕ್ಕಾಲು ನಿಮಿಷದಲ್ಲಿ ದಾಟಿಬಿಡುತ್ತಾರೆ. ಭದ್ರೆಯ ಮೇಲೆ ಗಾಡಿ ಸದ್ದು ಮಾಡುತ್ತಿದ್ದಾಗ ಆಕೆ ಕೇಳಿದಳು: "ತಾತ, ಇಲ್ಲಿ ಯಾಕೆ ಕೆಳಗಿನಿಂದ ಹೋಗುವುದಿಲ್ಲ?" ನಾನು "ಬೇಕಾಗಲಿಲ್ಲ, ಮಗು" ಎಂದೆ. "ಅಲ್ಲಿ ಯಾಕೆ ಬೇಕಾಯಿತು?" ಎಂದಳು. ಆ ಎರಡನೆಯ ಪ್ರಶ್ನೆಗೆ ಗಾಡಿ ಶಿವಮೊಗ್ಗವನ್ನು ಮುಟ್ಟುವವರೆಗೂ ನನ್ನಿಂದ ಸಮರ್ಪಕವಾದ ಉತ್ತರ ಬರಲಿಲ್ಲ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದವನು ನಾನು, ಯಂತ್ರವಿದ್ಯೆ ನನ್ನದಲ್ಲ. ಆದರೂ ಆಮೇಲೆ ಓದಿ, ಯೋಚಿಸಿ ಕಂಡುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಶಬ್ದಗಳನ್ನು ನೋಡೋಣ. ಹಳೆಯ ಮೇಷ್ಟರಿಗೆ ಅಷ್ಟು ಸ್ವಾತಂತ್ರ್ಯವಿರಲಿ. ಸಂಸ್ಕೃತದಲ್ಲಿ 'ಸೇತು' ಎಂದರೆ ಕಟ್ಟಿದುದು. ಅದು ನೀರಿನ ಮೇಲಿನ ದಾರಿಯೂ ಹೌದು, ನೀರನ್ನು ತಡೆಯುವ ಕಟ್ಟೆಯೂ ಹೌದು, ಮೀರಬಾರದ ಎಲ್ಲೆಯೂ ಹೌದು. ದಾನಶಾಸನಗಳ ಕೊನೆಯಲ್ಲಿ ಬರುವ 'ಧರ್ಮಸೇತು' ಎಂಬ ಮಾತಿನಲ್ಲಿ ಈ ಅರ್ಥಗಳೆಲ್ಲ ಸೇರಿಕೊಂಡಿವೆ. ಸೇತು ಎಂದೊಡನೆ ನಮಗೆ ರಾಮೇಶ್ವರ ನೆನಪಾಗುತ್ತದೆ, ಪುಣ್ಯ ನೆನಪಾಗುತ್ತದೆ. 'ಸುರಂಗ'ದ ಹುಟ್ಟು ಬೇರೆ. ಅದು ಗ್ರೀಕರ 'ಸಿರಿಂಕ್ಸ್' ಎಂಬ ಶಬ್ದದಿಂದ ಬಂದುದೆಂದು ಅನೇಕ ವಿದ್ವಾಂಸರ ಮತ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಕೋಟೆಯ ಮುತ್ತಿಗೆಯ ಸಂಗತಿ. ಭಾರತದಲ್ಲಿ ವಿದುರನು ಕಳುಹಿಸಿದ ಗಣಿಗಾರ ಅರಗಿನ ಮನೆಯಿಂದ ಪಾಂಡವರು ತಪ್ಪಿಸಿಕೊಳ್ಳಲು ತೋಡಿದ್ದು ಅದನ್ನೇ. ಹೀಗೆ ಸೇತುವೆ ಎಲ್ಲರ ಕಣ್ಣೆದುರಿನ ದಾರಿ, ಸುರಂಗ ಗುಟ್ಟಿನ ದಾರಿ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ರೈತರು ಮಾತ್ರ ಇದಕ್ಕೆ ಹೊರತು. ಅವರಿಗೆ ಸುರಂಗವೆಂದರೆ ಮುರಕಲ್ಲಿನ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದು ನೀರನ್ನು ಹೊರಕ್ಕೆ ತರುವ ಬಾವಿ. ಅಲ್ಲಿಯೂ ಸುರಂಗದಲ್ಲಿ ಹರಿಯುವುದು ನೀರೇ ಹೊರತು ಮನುಷ್ಯರಲ್ಲ ಎಂಬುದನ್ನು ತಾವು ಗಮನಿಸಬೇಕು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಹೊಳೆಯೊಂದರ ಮೇಲೆ ಎರಡು ಬಗೆಯ ಸಂಚಾರವಿರುತ್ತದೆ. ಒಂದು ಉದ್ದಕ್ಕೆ ಹೋಗುವುದು, ಇನ್ನೊಂದು ಅಡ್ಡಕ್ಕೆ ಹೋಗುವುದು. ಇವೆರಡೂ ಒಂದೇ ಕಡೆ ಸಂಧಿಸಿದಾಗ ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಪ್ರಶ್ನೆ ಏಳುತ್ತದೆ. ಸೇತುವೆಯೋ ಸುರಂಗವೋ ಎಂಬ ವಿವಾದದ ತಿರುಳು ಇಷ್ಟೆ. ನಮ್ಮ ಕನ್ನಡ ನಾಡಿನ ಒಳಭಾಗದಲ್ಲಿ ಆ ಪ್ರಶ್ನೆ ಏಳಲೇ ಇಲ್ಲ. ಏಕೆಂದರೆ ನಮ್ಮ ಹೊಳೆಗಳ ಉದ್ದಕ್ಕೆ ಯಾರೂ ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಹರಿಯುವ ತುಂಗಭದ್ರೆ ಬೇಸಗೆಯಲ್ಲಿ ಬಂಡೆಗಳ ನಡುವೆ ನಾಲ್ಕಾರು ಕವಲಾಗಿ ಮಲಗಿರುತ್ತದೆ. ಅದರಲ್ಲಿ ಯಾವ ಹಡಗು ಹೋದೀತು? ನಮ್ಮ ದೋಣಿಗಳೆಲ್ಲ ಈ ದಡದಿಂದ ಆ ದಡಕ್ಕೆ ಹೋಗುವವು. ಅಂಬಿಗರ ಚೌಡಯ್ಯನ ಕಾಯಕ ದಾಟಿಸುವುದೇ ಹೊರತು ದೇಶಾಂತರಕ್ಕೆ ಕರೆದೊಯ್ಯುವುದಲ್ಲ. ಹರಿಗೋಲಿನ ಆಕಾರವೇ ಇದನ್ನು ಹೇಳುತ್ತದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಇದನ್ನು ಕಂಡು ಬೆರಗಾದ. ಬುಟ್ಟಿಯಂತೆ ದುಂಡಗೆ ಹೆಣೆದು ತೊಗಲು ಹೊದಿಸಿದ ಈ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಕುಳಿತುಕೊಳ್ಳುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ಅವು ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು ಅವನು ಬರೆದಿಟ್ಟಿದ್ದಾನೆ. ತಲೆಯೂ ಬಾಲವೂ ಇಲ್ಲದ ದೋಣಿ, ಮುಂದೆ ಸಾಗುವ ಆಸೆಯೇ ಇಲ್ಲದ ದೋಣಿ! ಅಡ್ಡ ದಾಟುವುದೊಂದೇ ಅದರ ಕೆಲಸ.

ಅದೇ ಹಂಪೆಯ ಹೊಳೆಯಲ್ಲಿ, ಪುರಂದರ ಮಂಟಪದ ಸಮೀಪದಲ್ಲಿ, ಸಾಲುಸಾಲಾಗಿ ಕಲ್ಲುಕಂಬಗಳು ನಿಂತಿರುವುದನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಅದು ಹಳೆಯ ಸೇತುವೆಯ ಅವಶೇಷ. ಹೊಳೆಯ ತಳದಲ್ಲಿ ಬಂಡೆಯಿದೆ, ದಡದಲ್ಲಿ ಕಲ್ಲಿದೆ, ಕೆಳಗೆ ದೊಡ್ಡ ಹಡಗು ಬರುವ ಭಯವಿಲ್ಲ. ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟು ಮೇಲೆ ಚಪ್ಪಡಿ ಹಾಸಿದರೆ ಮುಗಿಯಿತು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿ, ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯೂ ಇದೇ ಮಾದರಿಯದು. ಕಲ್ಲಿನ ಕಂಬ, ಕಲ್ಲಿನ ತೊಲೆ, ನಮ್ಮವರದೇ ಕೆಲಸ. ಮಲೆನಾಡಿನಲ್ಲಿ ಹಳ್ಳಕ್ಕೆ ಅಡಕೆ ಮರದ ಎರಡು ಕಾಂಡಗಳನ್ನು ಅಡ್ಡ ಹಾಕಿ 'ಕಾಲುಸಂಕ' ಎನ್ನುತ್ತಾರಲ್ಲ, ಅದರ ತತ್ತ್ವವೂ ಇಷ್ಟೆ. ದಡದ ಮಟ್ಟದಿಂದ ದಡದ ಮಟ್ಟಕ್ಕೆ ಹೋಗುವುದು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಈಗ ಲಂಡನ್ನಿಗೆ ಹೋಗೋಣ. ಅಲ್ಲಿಯ ಥೇಮ್ಸ್ ನದಿಯ ಸ್ಥಿತಿ ನಮ್ಮದಕ್ಕೆ ತಲೆಕೆಳಗು. ಹತ್ತೊಂಬತ್ತನೆಯ ಶತಮಾನದಲ್ಲಿ ಲೋಕದ ವ್ಯಾಪಾರವೆಲ್ಲ ಆ ನದಿಯ ಉದ್ದಕ್ಕೆ ನಡೆಯುತ್ತಿತ್ತು. ಲಂಡನ್ ಬ್ರಿಜ್ಜಿನಿಂದ ಕೆಳಗೆ ಸಮುದ್ರದವರೆಗೆ ಪಾಯಿಹಡಗುಗಳ ಕಾಡು. ಇಕ್ಕೆಲದ ದಡಗಳಲ್ಲೂ ಹಡಗುಕಟ್ಟೆಗಳು ಬೆಳೆದಿದ್ದವು. ಒಂದು ದಡದ ಸರಕು ಇನ್ನೊಂದು ದಡಕ್ಕೆ ಹೋಗಬೇಕಾದರೆ ಮೇಲಿನ ಸೇತುವೆಯವರೆಗೆ ಸುತ್ತಬೇಕಾಗಿತ್ತು. ಕೆಳಗೆ ಸೇತುವೆ ಕಟ್ಟಿದರೆ ಹಡಗುಗಳ ಕಂಬಗಳಿಗೆ ಅಡ್ಡವಾಗುತ್ತದೆ. ಅವು ಹಾಯುವಷ್ಟು ಎತ್ತರಕ್ಕೆ ಕಟ್ಟೋಣವೆಂದರೆ ಗಣಿತ ಅಡ್ಡ ಬರುತ್ತದೆ. ಹೊರೆಗಾಡಿಯ ಕುದುರೆ ಎಳೆಯಬಲ್ಲ ಏರು ನೂರು ಅಡಿಗೆ ನಾಲ್ಕು ಅಡಿ ಎಂದಿಟ್ಟುಕೊಳ್ಳಿ. ನೂರೈವತ್ತು ಅಡಿ ಎತ್ತರಕ್ಕೆ ಏರಲು 3750 ಅಡಿ ಉದ್ದದ ಏರುದಾರಿ ಬೇಕು. ಎರಡೂ ದಡ ಸೇರಿದರೆ ಒಂದೂವರೆ ಮೈಲಿಗೆ ಹತ್ತಿರ. ಮನೆಗಳು ಒತ್ತೊತ್ತಾಗಿರುವ ಪಟ್ಟಣದಲ್ಲಿ ಅದನ್ನು ಎಲ್ಲಿ ಹಾಕುವುದು? ಆದರೆ ಹಡಗಿನ ಕಂಬ ಆಕಾಶಕ್ಕೆ ಎಷ್ಟು ಚಾಚುತ್ತದೆಯೋ ಅದರ ತಳ ನೀರಿನಲ್ಲಿ ಅಷ್ಟು ಇಳಿದಿರುವುದಿಲ್ಲ. ನೀರಿನ ಮಟ್ಟದಿಂದ ಎಪ್ಪತ್ತೈದು ಅಡಿ ಕೆಳಗೆ ಹೋದರೆ ಸಾಕು, ಏರುದಾರಿ ಅರ್ಧಕ್ಕೆ ಇಳಿಯುತ್ತದೆ. ಸುರಂಗದ ಪಕ್ಷದ ವಾದವೆಲ್ಲ ಈ ಒಂದು ಲೆಕ್ಕದಲ್ಲಿದೆ.

ಈ ಲೆಕ್ಕವನ್ನು ನಂಬಿ ಮಾರ್ಕ್ ಬ್ರೂನೆಲ್ ಎಂಬ ಇಂಜಿನಿಯರ್ 1825ರಲ್ಲಿ ಥೇಮ್ಸ್ ನದಿಯ ಕೆಳಗೆ ತೋಡಲು ತೊಡಗಿದ. ಹಡಗಿನ ಮರವನ್ನು ಕೊರೆಯುವ ಹುಳು ತಾನು ಕೊರೆದ ಬಿಲದ ಗೋಡೆಗೆ ತಾನೇ ಗಿಲಾವು ಮಾಡುತ್ತ ಮುಂದುವರಿಯುವುದನ್ನು ನೋಡಿ ಆತ ಕಬ್ಬಿಣದ ಒಂದು ಕವಚವನ್ನು ಕಲ್ಪಿಸಿದ್ದನಂತೆ. ಕವಚದ ಗೂಡುಗಳಲ್ಲಿ ಆಳುಗಳು ನಿಂತು ಮುಂದಿನ ಮಣ್ಣನ್ನು ಕೆರೆಯುವುದು, ಹಿಂದೆ ಇಟ್ಟಿಗೆಯ ಕಮಾನು ಕಟ್ಟುತ್ತ ಬರುವುದು. ಇಂದು ನೆಲವನ್ನು ಕೊರೆಯುವ ದೈತ್ಯ ಯಂತ್ರಗಳ ಮೂಲಪುರುಷ ಈ ಕವಚವೇ. ಆದರೆ ನದಿ ಸುಮ್ಮನಿರಲಿಲ್ಲ. 1827ರಲ್ಲಿ ಒಮ್ಮೆ ಒಳನುಗ್ಗಿತು. 1828ರ ಜನವರಿಯಲ್ಲಿ ಮತ್ತೆ ನುಗ್ಗಿ ಆರು ಜನರನ್ನು ಬಲಿ ತೆಗೆದುಕೊಂಡಿತು. ಬ್ರೂನೆಲನ ಮಗ ಇಸಾಂಬರ್ಡ್ ಕೂದಲೆಳೆಯಷ್ಟರಲ್ಲಿ ಬದುಕಿಕೊಂಡ. ಹಣ ಮುಗಿಯಿತು. ಏಳು ವರ್ಷ ಸುರಂಗದ ಬಾಯಿಗೆ ಗೋಡೆ ಕಟ್ಟಿ ಬಿಟ್ಟರು. ಕಡೆಗೆ 1843ರ ಮಾರ್ಚ್ 25ರಂದು ಅದು ತೆರೆಯಿತು: ಉದ್ದ 1300 ಅಡಿ, ದಾಟುವ ಸುಂಕ ಒಂದು ಪೆನ್ನಿ. ಜನ ಜಾತ್ರೆಗೆ ಹೋಗುವಂತೆ ಹೋದರು.

ಆದರೆ ಯಾವ ಹೊರೆಗಾಡಿಗಳಿಗಾಗಿ ಇಷ್ಟೆಲ್ಲ ಪಾಡು ಪಟ್ಟರೋ ಆ ಗಾಡಿಗಳು? ಅವು ಇಳಿಯಲು ಬೇಕಾಗಿದ್ದ ಇಳಿಜಾರು ದಾರಿಗಳನ್ನು ಕಟ್ಟಲು ಹಣವೇ ಉಳಿದಿರಲಿಲ್ಲ. ಮನುಷ್ಯರು ಸುತ್ತುಮೆಟ್ಟಿಲು ಇಳಿದು ನಡೆದುಹೋದರು. ಒಂದೇ ಒಂದು ಸರಕಿನ ಗಾಡಿಯೂ ಅದರಲ್ಲಿ ದಾಟಲಿಲ್ಲ. ಮೇಲೆ ದಡದಲ್ಲಿ ದಟ್ಟಣೆ ಹಾಗೆಯೇ ಉಳಿಯಿತು. 1869ರಲ್ಲಿ ಅದರೊಳಗೆ ರೈಲು ಬಂದ ಮೇಲೆಯೇ ಸುರಂಗಕ್ಕೆ ಸಾರ್ಥಕತೆ ಬಂತು. ಇಂದಿಗೂ ಅದರಲ್ಲಿ ರೈಲು ಓಡುತ್ತಿದೆ. ಗಾಡಿಗಳ ಪ್ರಶ್ನೆಗೆ ಉತ್ತರವಾಗಿ 1894ರಲ್ಲಿ ಟವರ್ ಬ್ರಿಜ್ಜನ್ನು ಕಟ್ಟಿ, ಹಡಗು ಬಂದಾಗ ರಸ್ತೆಯನ್ನೇ ಎರಡು ಹೋಳಾಗಿ ಎತ್ತಿ ನಿಲ್ಲಿಸುವ ಏರ್ಪಾಡು ಮಾಡಿದರು. ಉದ್ದಕ್ಕೆ ಹೋಗುವವನು ಬಂದರೆ ಅಡ್ಡಕ್ಕೆ ಹೋಗುವವನು ಕಾಯಬೇಕು! ಮೂರು ವರ್ಷಗಳ ಮೇಲೆ, 1897ರಲ್ಲಿ, ಇನ್ನೂ ಕೆಳಗೆ ಬ್ಲ್ಯಾಕ್‌ವಾಲ್ ಎಂಬಲ್ಲಿ ಗಾಡಿಗಳು ಹೋಗಬಲ್ಲ ಸುರಂಗವಾಯಿತು.

ಕುದುರೆಗಾಡಿಗಳು ಹೋಗಿ ಮೋಟಾರುಗಳು ಬಂದಾಗ ಸುರಂಗಕ್ಕೆ ಹೊಸ ಕಷ್ಟ ಬಂತು, ಅದು ಹೊಗೆ. ಸೇತುವೆಯ ಮೇಲೆ ಗಾಳಿಗೆ ಬಡತನವಿಲ್ಲ. ಸುರಂಗದಲ್ಲಿ ಉಸಿರಿಗೂ ಯಂತ್ರ ಬೇಕು. ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯ ಕೆಳಗೆ 1927ರಲ್ಲಿ ತೆರೆದ ಹಾಲೆಂಡ್ ಸುರಂಗದಲ್ಲಿ 84 ಬೀಸಣಿಗೆಗಳನ್ನಿಟ್ಟು ಒಂದೂವರೆ ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನೆಲ್ಲ ಬದಲಾಯಿಸುವ ಏರ್ಪಾಡಾಯಿತು. ಅದರ ಮುಖ್ಯ ಇಂಜಿನಿಯರ್ ಕ್ಲಿಫರ್ಡ್ ಹಾಲೆಂಡ್ ಕೆಲಸ ಮುಗಿಯುವ ಮೊದಲೇ, 1924ರಲ್ಲಿ, ತೀರಿಕೊಂಡ. ಸುರಂಗಕ್ಕೆ ಅವನ ಹೆಸರು ಉಳಿಯಿತು. ಬೀಸಣಿಗೆ, ದೀಪ, ಒಸರುವ ನೀರನ್ನೆತ್ತುವ ಪಂಪು, ಇವೆಲ್ಲ ಹಗಲಿರುಳೂ ನಡೆಯುತ್ತಲೇ ಇರಬೇಕು. ಕಟ್ಟಿ ಮುಗಿಸಿದ ಮೇಲೆಯೂ ಮುಗಿಯದ ಖರ್ಚು ಸುರಂಗದ್ದು.

ಅದೇ ನ್ಯೂಯಾರ್ಕಿನಲ್ಲಿ ನಮ್ಮ ಪ್ರಶ್ನೆ 1939ರಲ್ಲಿ ನೇರ ಜಗಳವಾಗಿಯೇ ಎದ್ದಿತು. ಬ್ರೂಕ್ಲಿನ್ನಿಗೂ ಮ್ಯಾನ್‌ಹಟನ್ನಿನ ದಕ್ಷಿಣ ತುದಿಗೂ ನಡುವೆ ದಾರಿಯಾಗಬೇಕಾಗಿತ್ತು. ರಾಬರ್ಟ್ ಮೋಸಸ್ ಎಂಬ ಬಲಿಷ್ಠ ಅಧಿಕಾರಿ ಸೇತುವೆಯೇ ಆಗಬೇಕೆಂದು ಹಟ ಹಿಡಿದ. ಊರಿನ ಹಿರಿಯರು, ದಡದ ಉದ್ಯಾನವೂ ಬಂದರಿನ ನೋಟವೂ ಹಾಳಾಗುತ್ತವೆಂದು ಸುರಂಗವನ್ನೇ ಕೇಳಿದರು. ಕೊನೆಗೆ ತೀರ್ಮಾನ ಕೊಟ್ಟದ್ದು ಅಮೆರಿಕದ ಯುದ್ಧ ಇಲಾಖೆ: ನೌಕಾಪಡೆಯ ಹಡಗುಕಟ್ಟೆ ಒಳಗಿದೆ, ಸಮುದ್ರದ ಕಡೆಗೆ ಸೇತುವೆ ಕಟ್ಟಿದರೆ ಯುದ್ಧಕಾಲದಲ್ಲಿ ಅದು ಬಿದ್ದು ದಾರಿ ಮುಚ್ಚಬಹುದು ಎಂದು ಅದು ಸೇತುವೆಯನ್ನು ನಿರಾಕರಿಸಿತು. ಇಲ್ಲಿಯೂ ಗೆದ್ದವರು ಉದ್ದಕ್ಕೆ ಹೋಗುವವರೇ! 1950ರಲ್ಲಿ ಸುರಂಗ ತೆರೆಯಿತು. ದಿನವೂ ದಾಟುವ ಜನ ತಮಗೆ ಯಾವುದು ಬೇಕೆಂದು ಹೇಳುವ ಸಂದರ್ಭವೇ ಇದರಲ್ಲಿ ಬಂದಂತೆ ಕಾಣುವುದಿಲ್ಲ.

ಇನ್ನು ಕಲ್ಕತ್ತೆ. 1874ರಲ್ಲಿ ಹೂಗ್ಲಿಗೆ ತೇಲುಸೇತುವೆ ಬಂತು. ಹಡಗು ಬಂದಾಗ ನಡುವಿನ ಭಾಗವನ್ನು ಸರಿಸಿ ದಾರಿ ಕೊಡುತ್ತಿದ್ದರು. 1921ರಲ್ಲಿ ನದಿಯ ಕೆಳಗೆ ರೈಲು ಸುರಂಗದ ಯೋಜನೆ ತಯಾರಾಯಿತು. ಖರ್ಚನ್ನು ನೋಡಿ ಕೈಬಿಟ್ಟರು. ಆದರೆ ಹತ್ತು ವರ್ಷದೊಳಗೆ, 1931ರಲ್ಲಿ, ಅದೇ ನದಿಯ ಕೆಳಗೆ ಒಂದು ಸುರಂಗ ಮುಗಿದದ್ದು ವಿಶೇಷ. ಅದು ಮನುಷ್ಯರಿಗಲ್ಲ, ವಿದ್ಯುತ್ತಿನ ತಂತಿಗಳಿಗೆ. ಮನುಷ್ಯರಿಗಾಗಿ 1943ರಲ್ಲಿ ಹೌರಾ ಸೇತುವೆ ತೆರೆಯಿತು. 1500 ಅಡಿ ಉದ್ದಕ್ಕೆ ನದಿಯಲ್ಲಿ ಒಂದು ಕಂಬವೂ ಇಲ್ಲದೆ, ಎರಡು ದಡಗಳಿಂದ ಕೈ ಚಾಚಿ ಹಿಡಿದಂತೆ ಅದನ್ನು ಕಟ್ಟಿದರು. ನಡುವೆ ಕಂಬ ನೆಟ್ಟರೆ ಹೂಳು ತುಂಬಿ ಹಡಗಿನ ದಾರಿ ಕೆಟ್ಟೀತೆಂಬ ಭಯ.

ನನ್ನ ಮೊಮ್ಮಗಳು ಹೋಗಿಬಂದ ಸುರಂಗ 2024ರ ಮಾರ್ಚಿನಲ್ಲಿ ತೆರೆದುದು. ಇಷ್ಟು ಹೊತ್ತಿಗೆ ಹೂಗ್ಲಿಯಲ್ಲಿ ಹಡಗಿನ ಕಾಲ ಹೆಚ್ಚುಕಡಿಮೆ ಮುಗಿದಿತ್ತು. ಹಾಗಾದರೆ ಸುರಂಗ ಏಕೆ ಬೇಕಾಯಿತು? ಈಗ ಅಡ್ಡವಾದದ್ದು ಹಡಗಲ್ಲ, ಊರು. ಎರಡೂ ದಡಗಳಲ್ಲಿ ಕಾಲಿಡಲು ಜಾಗವಿಲ್ಲದಂತೆ ಮನೆಗಳಿವೆ. ರೈಲು ಮೊದಲೇ ನೆಲದಡಿಯಲ್ಲಿ ಬರುತ್ತಿರುವಾಗ ಹೊಳೆ ಬಂತೆಂದು ಅದನ್ನು ಮೇಲಕ್ಕೆತ್ತಿ ಮತ್ತೆ ಇಳಿಸುವುದಕ್ಕಿಂತ ಹಾಗೆಯೇ ಮುಂದಕ್ಕೆ ಕೊಂಡೊಯ್ಯುವುದು ಲೇಸು. 2017ರಲ್ಲಿ ಯಂತ್ರಗಳು ನದಿಯ ತಳವನ್ನು ಸುಗಮವಾಗಿ ದಾಟಿದವು. ಅಪಾಯ ಬಂದದ್ದು ನದಿಯಿಂದ ದೂರದಲ್ಲಿ. 2019ರ ಆಗಸ್ಟ್ 31ರಂದು ಬೌಬಜಾರಿನಲ್ಲಿ ನೆಲದಡಿಯ ನೀರು ಸುರಂಗಕ್ಕೆ ಒಡೆದು ಮೇಲಿನ ಹಳೆಯ ಮನೆಗಳು ಬಿರುಕು ಬಿಟ್ಟವು, ಕೆಲವು ಕುಸಿದವು, ಅನೇಕ ಸಂಸಾರಗಳು ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದವು. ಹೊಳೆಗೆ ಹೆದರಿದವರನ್ನು ಹೊಳೆ ಬಿಟ್ಟಿತು, ಊರು ಹಿಡಿಯಿತು.

ನಮ್ಮ ಬೀರೂರಿಗೆ ಹಿಂತಿರುಗುತ್ತೇನೆ. ಬೆಂಗಳೂರಿನಿಂದ ಹರಿಹರದವರೆಗಿನ ಮೀಟರ್ ಗೇಜ್ ದಾರಿ 1889ರಲ್ಲಿ ಪೂರ್ತಿಯಾಯಿತು. ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು 1899ರಲ್ಲಿ ತೆರೆಯಿತು. ಆಗ ಶೇಷಾದ್ರಿ ಅಯ್ಯರ್ ಅವರು ಮೈಸೂರಿನ ದಿವಾನರು. ಭದ್ರೆ ತುಂಗೆಯರ ಮೇಲೆ ಸೇತುವೆಯಲ್ಲದೆ ಬೇರೊಂದನ್ನು ಕಟ್ಟುವ ಯೋಚನೆ ಯಾರಿಗೂ ಬರುವ ಕಾರಣವಿರಲಿಲ್ಲ. ಆದರೆ ಹೊಳೆಗಳನ್ನು ದಾಟಿಸಿದ ರೈಲು ತಾನೇ ಒಂದು ಹೊಳೆಯಾಯಿತು. ಜಂಕ್ಷನ್ನಿನ ಊರಿನಲ್ಲಿ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು. ಗೇಟು ಬಿದ್ದಿತೆಂದರೆ ಈ ಕಡೆ ಎತ್ತಿನ ಗಾಡಿ, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟವರು; ಆ ಕಡೆಯೂ ಅಷ್ಟೆ. ಉದ್ದಕ್ಕೆ ಹೋಗುವವನಿಗೆ ಅಡ್ಡಕ್ಕೆ ಹೋಗುವವನು ದಾರಿ ಬಿಡಬೇಕು. ಈಗ ನಾಡಿನಾದ್ಯಂತ ಗೇಟುಗಳನ್ನು ತೆಗೆದು, ಒಂದೆಡೆ ಮೇಲ್ಸೇತುವೆ, ಇನ್ನೊಂದೆಡೆ ಹಳಿಗಳ ಅಡಿಯಲ್ಲಿ ದಾರಿ ಮಾಡುತ್ತಿದ್ದಾರೆ. ಆ ಅಡಿದಾರಿಗೆ ಕನ್ನಡದಲ್ಲಿ ಏನೆನ್ನುತ್ತೇವೆ? 'ಕೆಳಸೇತುವೆ'! ನೆಲದೊಳಗಿನ ದಾರಿಗೂ ಸೇತುವೆಯ ಹೆಸರು ಕೊಡದೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲ. ಹೆಸರೇನೇ ಇರಲಿ, ಗುಣ ಸುರಂಗದ್ದೇ. ಮಳೆ ಬಂದರೆ ನೀರು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ. 2023ರ ಮೇ 21ರಂದು ಬೆಂಗಳೂರಿನ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ, ರಾಜಧಾನಿಯ ನಟ್ಟನಡುವೆ, ಹಾಡುಹಗಲಿನಲ್ಲಿ, ತುಂಬಿದ ಮಳೆನೀರಿಗೆ ಕಾರು ಸಿಕ್ಕಿ ಒಬ್ಬ ಯುವತಿ ಪ್ರಾಣ ಬಿಟ್ಟಳು. ಈಗ ಅದೇ ಬೆಂಗಳೂರಿನಲ್ಲಿ, ದಾಟಲು ಹೊಳೆಯೇ ಇಲ್ಲದ ಊರಿನಲ್ಲಿ, ಹೆಬ್ಬಾಳದಿಂದ ಸಿಲ್ಕ್ ಬೋರ್ಡಿನವರೆಗೆ ಹದಿನಾರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗ ರಸ್ತೆಯ ಮಾತು ಎದ್ದು ವಾದವಿವಾದ ನಡೆದಿದೆ. ನೀರೆತ್ತುವ ಪಂಪಿನ ಜವಾಬ್ದಾರಿ ಯಾರದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಲಿ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಸೇತುವೆಯ ಪಕ್ಷದಲ್ಲಿ ದೋಷವಿಲ್ಲವೆಂದು ಹೇಳುತ್ತಿಲ್ಲ. 1998ರಲ್ಲಿ ಪೂರ್ತಿಯಾದ ಕೊಂಕಣ ರೈಲು ತೊಂಬತ್ತಕ್ಕೂ ಹೆಚ್ಚು ಸುರಂಗಗಳನ್ನು ಹಾಯುತ್ತದೆ, ಎಲ್ಲವೂ ಗುಡ್ಡಕ್ಕೆ ಕೊರೆದವು. ಹೊಳೆ ಬಂದಲ್ಲೆಲ್ಲ ಸೇತುವೆಯೇ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಅದೇ ಕರಾವಳಿಯಲ್ಲಿ ಕಾರವಾರದ ಕಾಳಿ ನದಿಗೆ 1983ರಲ್ಲಿ ರಸ್ತೆ ಸೇತುವೆಯಾದಾಗ ಜನ ಹಬ್ಬ ಮಾಡಿದ್ದರು. 2024ರ ಆಗಸ್ಟ್ 7ರ ನಡುರಾತ್ರಿ ಅದು ಕುಸಿದು ಬಿತ್ತು. ಮೇಲಿದ್ದ ಲಾರಿಯೊಂದು ನೀರಿಗೆ ಬಿದ್ದು, ಚಾಲಕನನ್ನು ಬದುಕಿಸಿ ತಂದರು. ಪೂರ್ಣಯ್ಯನವರ ಕಲ್ಲಿಗೆ ಇನ್ನೂರು ವರ್ಷವಾಗಿದೆ. ಈ ಕಾಂಕ್ರೀಟಿಗೆ ನಲವತ್ತೊಂದೇ ವರ್ಷ. ಉಪ್ಪು ನೀರು, ಭಾರದ ಲಾರಿ ಎಂದು ತಜ್ಞರು ಕಾರಣ ಹೇಳಬಹುದು. ಆದರೆ ಸುರಂಗ ಒಸರಿದರೆ ಅದೇ ದಿನ ಗೊತ್ತಾಗುತ್ತದೆ. ಸೇತುವೆಯ ಕಂಬ ನೀರಿನೊಳಗೆ ಸವೆಯುವುದನ್ನು ಯಾರೂ ಬಗ್ಗಿ ನೋಡದಿದ್ದರೆ ಗೊತ್ತಾಗುವುದು ಬಿದ್ದ ಮೇಲೆಯೇ.

ನಮ್ಮ ಒಳನಾಡಿನ ಹೊಳೆಗಳ ಉದ್ದಕ್ಕೆ ಯಾರೂ ಹೋಗುತ್ತಿರಲಿಲ್ಲ ಎಂದೆನಲ್ಲ, ಆ ಮಾತನ್ನು ಈಗ ತಿದ್ದಿಕೊಳ್ಳಬೇಕು. ಇಪ್ಪತ್ತನೆಯ ಶತಮಾನದಲ್ಲಿ ನಮ್ಮ ಹೊಳೆಗಳ ಉದ್ದಕ್ಕೂ ಪ್ರಯಾಣಿಕರು ಹುಟ್ಟಿಕೊಂಡರು. ಅವರು ನೀರು ಮತ್ತು ವಿದ್ಯುತ್ತು. ಹಡಗಿಗಿಂತ ಇವರ ಅಧಿಕಾರ ಹೆಚ್ಚಿನದು. ನಮ್ಮ ನೆರೆಯ ಅಜ್ಜಂಪುರದಲ್ಲಿಯೇ ನೋಡಿ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ತರೀಕೆರೆಯ ಬಳಿ ಮೇಲಕ್ಕೆತ್ತಿ, ಅಜ್ಜಂಪುರದ ಹತ್ತಿರ ಸುಮಾರು ಏಳು ಕಿಲೋಮೀಟರ್ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಸಾಗಿಸುತ್ತಾರೆ. 2019ರಲ್ಲಿ ಆ ನೀರು ವೇದಾವತಿಯನ್ನು ಸೇರಿ ವಾಣಿವಿಲಾಸ ಸಾಗರದತ್ತ ಹರಿಯಿತು. 1933ರ ಮೇಲೆ ಕೋಡಿ ಬೀಳದಿದ್ದ ಆ ಕಟ್ಟೆ 2022ರಲ್ಲಿ ಕೋಡಿ ಬಿತ್ತು. ಮಳೆಯೂ ಚೆನ್ನಾಗಿ ಬಂದಿತ್ತೆನ್ನಿ. ಮನುಷ್ಯರು ಹೊಳೆಯ ಕೆಳಗೆ ಸುರಂಗದಲ್ಲಿ ಹೋಗುವುದಿರಲಿ, ನಮ್ಮಲ್ಲಿ ಹೊಳೆಯೇ ಮನುಷ್ಯರ ಕೆಳಗೆ ಸುರಂಗದಲ್ಲಿ ಹೋಗುತ್ತಿದೆ. ಕಾಸರಗೋಡಿನ ರೈತನ ಸುರಂಗದ ವಂಶವೇ ಇದು. ಬಯಲುಸೀಮೆಯ ಬಾಯಾರಿಕೆಗೆ ಇದು ಬೇಕಾದದ್ದೇ. ಆಕ್ಷೇಪಿಸುವವನು ನಾನಲ್ಲ.

ಆದರೆ ಶರಾವತಿಯ ಕಥೆ ಬೇರೆ. ನಮ್ಮ ಬೀರೂರಿನ ಕವಲುದಾರಿ ಕೊನೆಗೆ ತಾಳಗುಪ್ಪವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಜೋಗ, ಅದರ ಮೇಲೆ ಲಿಂಗನಮಕ್ಕಿ. 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಮೊದಲು ಬಂತು. 1964ರಲ್ಲಿ ಲಿಂಗನಮಕ್ಕಿ ಮುಗಿದಾಗ ಆ ಹಳೆಯ ಅಣೆಕಟ್ಟೆಯೇ ಹೊಸ ನೀರಿನಲ್ಲಿ ಮುಳುಗಿತು. ಮುನ್ನೂರು ಚದರ ಕಿಲೋಮೀಟರಿಗೂ ಹೆಚ್ಚು ನೆಲ ನೀರಾಯಿತು. ಸಾವಿರಾರು ಜನ ಮನೆ ತೋಟಗಳನ್ನು ಬಿಟ್ಟು ಹೋದರು. ಹೋಗದೆ ಆಚೆ ದಡದಲ್ಲಿ ಉಳಿದವರು ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳವರು. ಹಿಂದೆ ಅವರ ಪಾಲಿಗೆ ಶರಾವತಿ ದೋಣಿಯಲ್ಲಿ ದಾಟುವ ಹೊಳೆ. ಈಗ ಅದು ಸಮುದ್ರ. ನಾಡಿಗೆಲ್ಲ ದೀಪ ಹೊತ್ತಿಸುವ ನೀರು ಉದ್ದಕ್ಕೆ ಸಾಗಿತು. ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಅಡ್ಡಕ್ಕೆ ಹೋಗಬೇಕಾದವರು ಲಾಂಚಿಗೆ ಕಾಯುತ್ತ ಕುಳಿತರು.

1980ರ ದಶಕದಲ್ಲಿ, ನಾನು ಇನ್ನೂ ಕಿರಿಯ ಅಧ್ಯಾಪಕನಾಗಿದ್ದಾಗ, ತುಮರಿಯ ಕಡೆಯ ವಿದ್ಯಾರ್ಥಿಯೊಬ್ಬನ ಮನೆಯ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಮಾತಿನಲ್ಲಿ ಕುಳಿತು, ಕಡವಿಗೆ ಬರುವಷ್ಟರಲ್ಲಿ ಕೊನೆಯ ಲಾಂಚು ನಡುನೀರಿನಲ್ಲಿತ್ತು. ತಪ್ಪು ನನ್ನದೇ. ದಡದಲ್ಲಿ ನನ್ನೊಡನೆ ಇನ್ನೂ ನಾಲ್ಕೈದು ಜನ ಉಳಿದರು. ಅವರಲ್ಲಿ ಒಬ್ಬ ಹೆಂಗಸು ಜ್ವರದಿಂದ ಸುಡುತ್ತಿದ್ದ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ರಸ್ತೆಯಲ್ಲಿ ಸುತ್ತಿಕೊಂಡು ಹೋಗೋಣವೆಂದರೆ ದೂರದ ಕಾಡುದಾರಿ, ಗಾಡಿಯಿಲ್ಲ. ಯಾರೂ ಯಾರನ್ನೂ ಬೈಯಲಿಲ್ಲ. ಒಬ್ಬ ಮುದುಕರು ಎಲೆಯಡಕೆಯ ಸಂಚಿ ಬಿಚ್ಚಿ, "ಇದು ನಮಗೆ ಅಭ್ಯಾಸ, ಮೇಷ್ಟ್ರೆ. ತಾವು ಈ ಜಗಲಿಯ ಮೇಲೆ ಮಲಗಿ" ಎಂದರು. ದೂರದಲ್ಲಿ ನೀರಿನ ಆಚೆ ಎಲ್ಲೋ ವಿದ್ಯುದ್ದೀಪಗಳ ಬೆಳಕು ಕಾಣುತ್ತಿತ್ತು. ರಾತ್ರಿಯೆಲ್ಲ ಮಗು ನರಳುವುದು ಕೇಳಿಸಿತು. ಬೆಳಗಿನ ಮೊದಲ ಲಾಂಚಿನಲ್ಲಿ ಆಕೆಯನ್ನೇ ಮೊದಲು ಹತ್ತಿಸಿದರು. ಮಗುವಿಗೆ ಏನಾಯಿತೆಂದು ಆಮೇಲೆ ವಿಚಾರಿಸುವ ಕರ್ತವ್ಯ ನನಗೆ ತೋರಲಿಲ್ಲ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆಯಾದದ್ದು 2025ರ ಜುಲೈ 14ರಂದು. ಲಿಂಗನಮಕ್ಕಿ ಮುಗಿದ 61 ವರ್ಷಗಳ ಮೇಲೆ. ಉದ್ದ ಸುಮಾರು 2.44 ಕಿಲೋಮೀಟರ್. ಕಂಬಗಳಿಂದ ಉಕ್ಕಿನ ಹಗ್ಗಗಳು ರಸ್ತೆಯನ್ನು ಎತ್ತಿ ಹಿಡಿದಿವೆ. ಇಲ್ಲಿ ಸುರಂಗದ ಮಾತೇ ಸಲ್ಲದು. ಕಣಿವೆ ಆಳ, ಕಲ್ಲು ಗಟ್ಟಿ, ಅಷ್ಟು ಕೆಳಗಿಳಿದು ಮತ್ತೆ ಏರಬೇಕಾದರೆ ಏರುದಾರಿಯೇ ಮೈಲಿಗಟ್ಟಲೆಯಾದೀತು. ಕೆಳಗೆ ಹೋಗುವ ಹಡಗೂ ಇಲ್ಲ. ಸೇತುವೆಯೇ ಸರಿಯಾದ ಉತ್ತರವೆಂದು ಮೊದಲ ದಿನದಿಂದಲೂ ಯಾರಿಗೆ ಬೇಕಾದರೂ ಹೇಳಬಹುದಾಗಿತ್ತು. ನೀರು ನಿಲ್ಲಿಸಿದವರ ಲೆಕ್ಕಪುಸ್ತಕದಲ್ಲಿ ಅಣೆಕಟ್ಟು, ಕಾಲುವೆ, ಕೊಳವೆ, ತಂತಿ ಎಲ್ಲಕ್ಕೂ ಕಲಮುಗಳಿದ್ದವು, ಅಡ್ಡ ದಾಟುವವರಿಗೆ ಇರಲಿಲ್ಲ. ಸಂಸ್ಕೃತದ ಆ ಹಳೆಯ ಶಬ್ದದಲ್ಲಿ ಕಟ್ಟೆಯೂ ದಾರಿಯೂ ಒಂದೇ ಹೆಸರಿನಲ್ಲಿವೆ. ಇಲ್ಲಿ ಒಂದು ಸೇತುವಿಗೂ ಇನ್ನೊಂದು ಸೇತುವಿಗೂ ನಡುವೆ ಎರಡು ತಲೆಮಾರು ಕಳೆದುಹೋದವು.

ಮೊನ್ನೆ ಮೊಮ್ಮಗಳನ್ನು ಕರೆದುಕೊಂಡು ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋದೆ. ಕೆಲವೇ ನಿಮಿಷ ಹಿಡಿಯಿತು. ಆಕೆ ಕೆಳಗೆ ನೋಡುತ್ತ, ಹಿಂದೆ ಜನ ಎಲ್ಲಿ ಕಾಯುತ್ತಿದ್ದರು ಎಂದು ಕೇಳಿದಳು. ನಾನು ದಡದ ಕಡೆ ಕೈ ತೋರಿಸಿದೆ; ಆ ಜಗಲಿ ಯಾವುದೆಂದು ನನಗೆ ಗುರುತು ಹತ್ತಲಿಲ್ಲ. ನಮ್ಮ ಮುಂದಿನ ಸೀಟಿನಲ್ಲಿದ್ದ ಅಜ್ಜಿಯೊಬ್ಬರು ಕಿಟಕಿಯ ಗಾಜನ್ನು ಸರಿಸಿ, ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದರು. ಕೈ ಚಾಚುವಷ್ಟರಲ್ಲಿ ಬಸ್ಸು ಆಚೆ ದಡದಲ್ಲಿತ್ತು.